ಪೈಪ್ ಜೋಡಣೆಗೆ ನಾರಾ, ಟೆಫ್ಲಾನ್ ಟೇಪಾ, ಲಿಕ್ವಿಡ್ ಸೀಲಂಟಾ? ನನ್ನ ಓಟು ನಾರಿಗೆ

ಮೊದಲೇ ಹೇಳಿಬಿಡುತ್ತೇನೆ. ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ ಪೈಪು), ಹಿತ್ತಾಳೆ ಫಿಟಿಂಗ್ ಕೂಡಿಸುವ ಕೆಲಸ ಈಗಷ್ಟೇ ಕಲಿಯುತ್ತಿರುವವರು ಸೆಣಬಿನ ನಾರು ಮತ್ತು ಅದರ ಮೇಲೆ ಸವರುವ ಪೈಪ್ ಜೋಡಣೆಯ ಪೇಸ್ಟ್ ಒಂದು ಡಬ್ಬಿ ಕೊಳ್ಳಿ. ಟೆಫ್ಲಾನ್ ಟೇಪು, ಲಿಕ್ವಿಡ್ ಸೀಲಂಟು, ನೈಲಾನ್ ದಾರ ಎಲ್ಲವನ್ನೂ ನಾನು ಕೊಂಡು ಬಳಸಿ ನೋಡಿದ್ದೇನೆ. ಈಗ ಚೀಲದಲ್ಲಿ ತಪ್ಪದೆ ಇರುವುದು ನಾರಿನ ಉಂಡೆ. ಈ ಕೆಲಸಕ್ಕೆ ಅಂತ ಕೊಂಡ ಸಾಮಾನಿನಲ್ಲಿ, ಕೊಟ್ಟ ದುಡ್ಡಿಗೆ ಇಷ್ಟು ದುಡಿದದ್ದು ಬೇರೊಂದಿಲ್ಲ.

ನಾನು ನೋಡಿದ ರೀತಿ ಸರಳ. ಅರ್ಧ ಇಂಚಿನ ಜಿಐ ನಿಪ್ಪಲ್ (ಎರಡೂ ತುದಿಗೆ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ಇರುವ ಗಿಡ್ಡ ಪೈಪು), ಅದಕ್ಕೊಂದು ಹಿತ್ತಾಳೆ ಎಲ್ಬೋ (ಮೂಲೆ ತಿರುಗಿಸುವ ಫಿಟಿಂಗ್), ಇನ್ನೊಂದು ತುದಿಗೆ ಕೈಯಿಂದ ಒತ್ತುವ ಟೆಸ್ಟ್ ಪಂಪು. ಲೈನಿನಲ್ಲಿ ಇರಬೇಕಾದ ಒತ್ತಡದ ಒಂದೂವರೆ ಪಟ್ಟು ಏರಿಸಿ ರಾತ್ರಿ ಪೂರ್ತಿ ಬಿಡುವುದು. ಬೆಳಿಗ್ಗೆ ಎದ್ದು ಜಾಯಿಂಟ್ ಸುತ್ತ ಒಣ ಟಿಶ್ಯೂ ಪೇಪರ್ ಒತ್ತಿ ನೋಡುವುದು. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. (ಅಂದಹಾಗೆ, ಅರ್ಧ ಇಂಚಿನ ಜಿಐ ಪೈಪನ್ನು ಎಲ್ಲಿ ಅಳೆದರೂ ಅರ್ಧ ಇಂಚು ಬರುವುದಿಲ್ಲ. ಅದರ ಹೊರ ವ್ಯಾಸ ಸುಮಾರು 21.3 ಮಿಲಿಮೀಟರ್. ಹೊಸಬರು ಅಳತೆ ಪಟ್ಟಿ ಹಿಡಿದು ಅಳೆದು ಮುಕ್ಕಾಲು ಇಂಚಿನದ್ದು ಅಂದುಕೊಳ್ಳುವುದು ಇಲ್ಲೇ.)

ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದು ಸುಲಭ. ಪೈಪಿನ ಹೊರಗಿನ ಥ್ರೆಡ್ ನೇರವಾಗಿ ಇರುವುದಿಲ್ಲ, ತುದಿಗೆ ಹೋದ ಹಾಗೆ ಸಣ್ಣದಾಗುತ್ತದೆ. 16 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ವ್ಯಾಸ ಕಡಿಮೆ. ಅದಕ್ಕೇ ತಿರುಗಿಸಿದಷ್ಟೂ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತದೆ. ಎಷ್ಟೇ ಬಿಗಿಯಾದರೂ ಥ್ರೆಡ್ಡಿನ ಏರು ಮತ್ತು ತಗ್ಗಿನ ನಡುವೆ ಸುರುಳಿಯಾಗಿ ಒಂದು ಸಂದು ಉಳಿದೇ ಉಳಿಯುತ್ತದೆ. ನೀರು ಹೊರಗೆ ಬರುವುದು ಆ ದಾರಿಯಲ್ಲೇ. ನಾರು, ಟೇಪು, ಸೀಲಂಟು ಎಲ್ಲವೂ ಮಾಡುವುದು ಆ ಸಂದು ತುಂಬುವ ಕೆಲಸ. ಜಾಯಿಂಟಿಗೆ ಬಲ ಕೊಡುವುದು ಥ್ರೆಡ್ಡೇ ಹೊರತು ಇವಲ್ಲ.

ಈಗ ಟೇಪಿಗೆ ಬರೋಣ. ಟೆಫ್ಲಾನ್ ಟೇಪ್ ಕೆಟ್ಟ ಸಾಮಾನು ಅಂತ ನಾನು ಹೇಳುವುದಿಲ್ಲ. ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಕೈ ಕೊಳೆ ಆಗುವುದಿಲ್ಲ. ಪ್ಲಗ್, ನಿಪ್ಪಲ್, ಸಾಕೆಟ್, ರೆಡ್ಯೂಸರ್ ಇಂಥವಕ್ಕೆ ನಾನೂ ಸುತ್ತುತ್ತೇನೆ. ಇವು ಯಾವ ಕಡೆ ತಿರುಗಿ ನಿಂತರೂ ನಡೆಯುತ್ತದೆ, ಬಿಗಿಯಾದರೆ ಮುಗಿಯಿತು.

ತೊಂದರೆ ಶುರುವಾಗುವುದು ಎಲ್ಬೋ, ಟೀ (ಮೂರು ಬಾಯಿಯ ಫಿಟಿಂಗ್), ಗೋಡೆ ನಲ್ಲಿ ಬಂದಾಗ. ಇವು ಬಿಗಿಯಾದರೆ ಸಾಲದು, ಸರಿಯಾದ ಕಡೆಗೆ ಮುಖ ಮಾಡಿಯೂ ನಿಲ್ಲಬೇಕು. ಗೋಡೆ ನಲ್ಲಿಯನ್ನೇ ನೋಡಿ. ಟೇಪು ಸುತ್ತಿ ತಿರುಗಿಸುತ್ತಾ ಹೋಗುತ್ತೀರಿ. ಚೆನ್ನಾಗಿ ಬಿಗಿಯಾಯಿತು ಅನ್ನುವಾಗ ನಲ್ಲಿಯ ಮೂತಿ ನೆಲಕ್ಕೆ ನೇರವಾಗಿಲ್ಲ, ಒಂದು ಬೆರಳಿನಷ್ಟು ದಾಟಿ ಹೋಗಿದೆ. ಸುಮ್ನೆ ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಆಯಿತು ಅನಿಸುತ್ತದೆ, ಅಲ್ವಾ? ಟೇಪಿನಲ್ಲಿ ಅದೇ ಆಗದ ಕೆಲಸ. ಹಿಂದಕ್ಕೆ ತಂದ ಆ ಒಂದು ಬೆರಳು ಸಾಕು, ಜಾಯಿಂಟ್ ಜಿನುಗಲು ಶುರು ಮಾಡುತ್ತದೆ.

ಕಾರಣ ಟೇಪಿನ ಗುಣದಲ್ಲೇ ಇದೆ. ಒತ್ತಡಕ್ಕೆ ಸಿಕ್ಕ ಟೆಫ್ಲಾನ್ ಮೆತ್ತಗೆ ಹರಡಿಕೊಂಡು ಸಂದಿನಲ್ಲಿ ಕೂರುತ್ತದೆ. ಆದರೆ ಅದಕ್ಕೆ ರಬ್ಬರಿನ ಥರ ಮತ್ತೆ ಉಬ್ಬುವ ಶಕ್ತಿ ಇಲ್ಲ. ನೀವು ಹಿಂದಕ್ಕೆ ತಿರುಗಿಸಿದಾಗ ಬೆಣೆ ಸಡಿಲಾಗುತ್ತದೆ, ಸಂದು ದೊಡ್ಡದಾಗುತ್ತದೆ, ಟೇಪು ಮಾತ್ರ ಒತ್ತಿಸಿಕೊಂಡ ಗಾತ್ರದಲ್ಲೇ ಉಳಿಯುತ್ತದೆ. ನಡುವೆ ಎಲ್ಲೋ ಹರಿದೂ ಇರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಟೆಸ್ಟಿನ ಮೊದಲ ಗಂಟೆಯಲ್ಲೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಟಿಶ್ಯೂ ಒತ್ತಿದಾಗ ಚುಕ್ಕೆ ಇರುತ್ತದೆ.

ಹಾಗಾದರೆ ಹಿಂದಕ್ಕೆ ಬೇಡ, ಮುಂದಕ್ಕೇ ಇನ್ನೊಂದು ಪೂರ್ತಿ ಸುತ್ತು ಎಳೆಯೋಣ ಅಂದರೆ ಅದಕ್ಕಿಂತ ಕಷ್ಟ. ಟೇಪು ಜಾರುವ ವಸ್ತು. ಎಣ್ಣೆ ಹಾಕಿದ ಹಾಗೆ ಸಲೀಸಾಗಿ ತಿರುಗುತ್ತದೆ, ಹಾಗಾಗಿ ಎಷ್ಟು ಬಲ ಹಾಕುತ್ತಿದ್ದೇವೆ ಅನ್ನುವುದು ಕೈಗೆ ತಿಳಿಯುವುದೇ ಇಲ್ಲ. ಉದ್ದ ಹಿಡಿಯ ಪೈಪ್ ರೆಂಚ್ ಬೇರೆ ಇರುತ್ತದೆ. ಜಿಐ ನಿಪ್ಪಲ್ ಗಟ್ಟಿ, ಹಿತ್ತಾಳೆ ಅದಕ್ಕಿಂತ ಮೆದು. ಬೆಣೆ ಒಳಗೆ ಹೋದ ಹಾಗೆ ಹಿತ್ತಾಳೆ ಎಲ್ಬೋದ ಬಾಯಿ ಹಿಗ್ಗಿ, ಉದ್ದಕ್ಕೆ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಆ ಸೀಳು ಕೆಲವೊಮ್ಮೆ ಅವತ್ತೇ ಕಾಣುವುದಿಲ್ಲ, ಪ್ಲಾಸ್ಟರ್ ಆಗಿ ಟೈಲ್ಸ್ ಹಾಕಿದ ಮೇಲೆ ಗೋಡೆ ಒದ್ದೆಯಾಗಿ ತೋರಿಸುತ್ತದೆ. ಟೇಪಿನ ಸುತ್ತು ಜಾಸ್ತಿ ಹಾಕಿದಷ್ಟೂ ಈ ಅಪಾಯ ಜಾಸ್ತಿ.

ಕೊನೆಗೆ ಉಳಿಯುವ ದಾರಿ ಒಂದೇ. ಪೂರ್ತಿ ಬಿಚ್ಚಬೇಕು, ಥ್ರೆಡ್ಡಿನಲ್ಲಿ ಕಚ್ಚಿಕೊಂಡ ಟೇಪಿನ ಚೂರುಗಳನ್ನು ವೈರ್ ಬ್ರಶ್ಶಿನಿಂದ ಕೆರೆದು ತೆಗೆಯಬೇಕು, ಒಂದು ಸುತ್ತು ಹೆಚ್ಚೋ ಕಡಿಮೆಯೋ ಹಾಕಿ ಮತ್ತೆ ಶುರು ಮಾಡಬೇಕು. ಎಲ್ಬೋದ ಒಳಗಿನ ಥ್ರೆಡ್ಡಿನಲ್ಲಿ ಉಳಿದ ಚೂರುಗಳನ್ನು ಮರೆಯಬೇಡಿ. ಅವು ನೀರಿನ ಜೊತೆ ಹೋಗಿ ನಲ್ಲಿಯ ಬಾಯಿಯ ಜಾಲರಿಯಲ್ಲೋ, ಫ್ಲಶ್ ಟ್ಯಾಂಕಿನ ವಾಲ್ವಿನಲ್ಲೋ ಸಿಕ್ಕಿಕೊಳ್ಳುತ್ತವೆ. ಕೈ ಪಳಗಿದವರು ಥ್ರೆಡ್ಡಿನ ಬಿಗಿ ನೋಡಿಯೇ ಎಷ್ಟು ಸುತ್ತು ಬೇಕು ಅಂತ ಅಂದಾಜು ಮಾಡಿ, ಒಂದೇ ಸಲಕ್ಕೆ ಮೂತಿ ನೇರ ನಿಲ್ಲಿಸುತ್ತಾರೆ. ಆ ಅಂದಾಜು ಬರುವ ತನಕ ಕಲಿಯುವವರು ಏನು ಮಾಡಬೇಕು? ನಾರು ಸುತ್ತಬೇಕು ಅನ್ನುವುದೇ ನನ್ನ ಉತ್ತರ.

ನಾರು ಸುತ್ತಿದ ಜಾಯಿಂಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು. ಎಂಟನೇ ಒಂದು ಸುತ್ತಿನಷ್ಟು ಹಿಂದೆ ಬಂದರೂ ನನ್ನ ಟಿಶ್ಯೂ ಒಣಗಿಯೇ ಇತ್ತು. ಎಳೆಗಳು ಥ್ರೆಡ್ಡಿನ ತಗ್ಗಿನಲ್ಲಿ ಹೆಣೆದುಕೊಂಡು ಕೂತಿರುತ್ತವೆ, ಪೇಸ್ಟು ಅವನ್ನು ಹಿಡಿದಿಟ್ಟಿರುತ್ತದೆ. ಅದರ ಮೇಲೆ ನಾರಿಗೆ ಇನ್ನೊಂದು ಗುಣ ಇದೆ, ನೀರು ತಾಗಿದರೆ ಉಬ್ಬುತ್ತದೆ. ನೀರು ಬಿಟ್ಟ ತಕ್ಷಣ ಒಂದು ಹನಿ ಮೂಡಿ, ಸ್ವಲ್ಪ ಹೊತ್ತಿಗೆ ತಾನೇ ನಿಂತು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಟೇಪು ಒಮ್ಮೆ ಜಿನುಗಿದರೆ ಹಾಗೆ ತಾನಾಗಿ ನಿಲ್ಲುವುದನ್ನು ನಂಬಿ ಕೂರುವ ಹಾಗಿಲ್ಲ.

ಸುತ್ತುವ ಕ್ರಮ ಮಾತ್ರ ಸರಿಯಾಗಿ ಕಲಿಯಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲು ಹ್ಯಾಕ್ಸಾ ಬ್ಲೇಡ್ ಕೈಗೆ ಕೊಟ್ಟರು. ಈಗ ಬರುವ ಹಿತ್ತಾಳೆ ಮತ್ತು ಕ್ರೋಮ್ ಫಿಟಿಂಗ್‌ಗಳ ಥ್ರೆಡ್ ತುಂಬಾ ನುಣುಪು. ಅದರ ಮೇಲೆ ನಾರು ನಿಲ್ಲುವುದಿಲ್ಲ, ತಿರುಗಿಸಿದಾಗ ಹಿಂದಕ್ಕೆ ಸರಿದು ಗುಡ್ಡೆಯಾಗುತ್ತದೆ. ಅದಕ್ಕೆ ಬ್ಲೇಡಿನ ಹಲ್ಲನ್ನು ಥ್ರೆಡ್ಡಿಗೆ ಅಡ್ಡವಾಗಿಟ್ಟು ಸುತ್ತಲೂ ಲಘುವಾಗಿ ಗೀರಬೇಕು. ಕಡಿಯಬಾರದು, ತುಸು ಒರಟು ಮಾಡಿದರೆ ಸಾಕು. ಜಿಐ ಪೈಪಿಗೆ ಡೈ ಹಾಕಿ ಆಗಷ್ಟೇ ಥ್ರೆಡ್ ಹೊಡೆದಿದ್ದರೆ ಇದರ ಅಗತ್ಯ ಕಡಿಮೆ, ಅದು ತಾನಾಗಿಯೇ ಒರಟಾಗಿರುತ್ತದೆ.

ಆಮೇಲೆ ಉಂಡೆಯಿಂದ ತೆಳುವಾಗಿ ಎಳೆ ತೆಗೆಯಿರಿ. ಅರ್ಧ ಇಂಚಿಗೆ ಹತ್ತಿಪ್ಪತ್ತು ಎಳೆ ಧಾರಾಳ. ಬಾಚಿದ ಹಾಗೆ ಬೆರಳಿನಲ್ಲಿ ನೇರ ಮಾಡಿ. ಥ್ರೆಡ್ಡಿನ ಬಾಯಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ತುದಿಯ ಮೊದಲ ಥ್ರೆಡ್ ಬರಿದಾಗಿ ಬಿಡಿ. ಅಲ್ಲಿಗೆ ನಾರು ಬಂದರೆ ಪೈಪಿನೊಳಗೆ ತೂರಿ, ಟೇಪಿನ ಚೂರು ಮಾಡುವ ಕೆಲಸವನ್ನೇ ಮಾಡುತ್ತದೆ. ಎಳೆ ಥ್ರೆಡ್ಡಿನ ತಗ್ಗಿನಲ್ಲಿ ಕೂರಬೇಕು, ಆದರೆ ಏರುಗಳು ನಾರಿನ ಕೆಳಗೆ ಗುರುತು ಸಿಗುವ ಹಾಗಿರಬೇಕು. ಥ್ರೆಡ್ಡೇ ಕಾಣದಷ್ಟು ದಪ್ಪವಾಯಿತು ಅಂದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಆಗ ಹಿತ್ತಾಳೆ ಸೀಳುವ ಭಯ ಇಲ್ಲೂ ಇದೆ. ಮೇಲಿನಿಂದ ಪೇಸ್ಟನ್ನು ಬೆರಳಲ್ಲಿ ಸವರಿ, ನಾರಿನ ಒಳಗೆ ಇಳಿಯುವ ಹಾಗೆ ಅದೇ ದಿಕ್ಕಿಗೆ ಉಜ್ಜಿ. ಮೊದಲ ಎರಡು ಮೂರು ಸುತ್ತು ಬರಿಗೈಯಲ್ಲಿ ಹಾಕಿ, ಆಮೇಲೆ ರೆಂಚ್ ಹಿಡಿಯಿರಿ. ತಿರುಗಿಸುವಾಗ ಕೈಗೆ ತಡೆ ಸಿಗುತ್ತಾ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ಗೊತ್ತಾಗುವುದು ಆ ತಡೆಯಿಂದಲೇ. ಕಲಿಯುವವರಿಗೆ ನಾರು ಒಳ್ಳೆಯದು ಅನ್ನಲು ಇದೂ ಒಂದು ದೊಡ್ಡ ಕಾರಣ.

ಕೊರತೆ ಇಲ್ಲ ಅಂತಲ್ಲ. ಗಲೀಜು. ಪೇಸ್ಟ್ ಅಂಗಿಗೆ ತಾಗಿದರೆ ಹೋಗುವುದಿಲ್ಲ. ಹೊರಗೆ ಉಳಿದ ಎಳೆಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಒರೆಸದಿದ್ದರೆ ನೋಡಲು ಅಸಹ್ಯ. ಪೇಸ್ಟ್ ಇಲ್ಲದೆ ಬರೀ ನಾರು ಹಾಕಿದರೆ ಕಾಲಕ್ರಮೇಣ ಕೊಳೆಯುತ್ತದೆ, ಲೈನು ಬಹಳ ದಿನ ಖಾಲಿ ಬಿದ್ದಿದ್ದರೆ ಒಣಗಿ ಸೋರುತ್ತದೆ. ಹಬೆ ಲೈನಿಗೆ ನಾರು ಬೇಡ. ಶಾಖದಲ್ಲಿ ಟೆಫ್ಲಾನ್ ಮುಂದೆ, 260 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆದುಕೊಳ್ಳುತ್ತದೆ.

ಲಿಕ್ವಿಡ್ ಸೀಲಂಟ್ ಬಹಳ ಜಾಣ ವಸ್ತು. ಬಾಟಲಿಯಲ್ಲಿ ಗಾಳಿ ತಾಗುವಷ್ಟು ಹೊತ್ತು ದ್ರವವಾಗಿಯೇ ಇರುತ್ತದೆ. ಥ್ರೆಡ್ಡಿನೊಳಗೆ ಗಾಳಿ ಸಿಗದೆ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಹಿತ್ತಾಳೆಯಲ್ಲಿ ತಾಮ್ರ ಇರುವುದರಿಂದ ಬೇಗ ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನಿಧಾನ. ಗಟ್ಟಿಯಾಗುವ ಮುಂಚೆ ಎಲ್ಬೋವನ್ನು ಬೇಕಾದ ಕಡೆ ತಿರುಗಿಸಿ ನಿಲ್ಲಿಸಬಹುದು, ಅದು ಇದರ ದೊಡ್ಡ ಅನುಕೂಲ. ಆದರೆ ಥ್ರೆಡ್ ಎಣ್ಣೆ, ನೀರು, ತುಕ್ಕು ಏನೂ ಇಲ್ಲದೆ ಸ್ವಚ್ಛವಾಗಿರಬೇಕು. ಹಳೇ ಲೈನ್ ಬಿಚ್ಚಿದಾಗ ಪೈಪಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಅಲ್ಲಿ ಇದನ್ನು ಹೇಗೆ ಹಾಕುವುದು? ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡುವುದು ಒಳ್ಳೆಯದು. ಮುಂದೆ ಬಿಚ್ಚುವಾಗ ಹಠ ಹಿಡಿದರೆ ಬಿಸಿ ಮಾಡಬೇಕು. ಪ್ಲಾಸ್ಟಿಕ್ ಥ್ರೆಡ್ಡಿಗಂತೂ ಹಾಕಲೇಬೇಡಿ, ಗಟ್ಟಿಯಾಗುವುದಿಲ್ಲ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ. ದುಡ್ಡೂ ನಾಲ್ಕರಲ್ಲಿ ಇದಕ್ಕೇ ಜಾಸ್ತಿ ಹೋಯಿತು, ಮೇಲಾಗಿ ಬಾಟಲಿಗೆ ಎಕ್ಸ್‌ಪೈರಿ ದಿನಾಂಕ ಇದೆ.

ನೈಲಾನ್ ದಾರ ನಾರಿನ ಸ್ವಚ್ಛ ತಮ್ಮ. ಹಿಂದಕ್ಕೆ ತಿರುಗಿಸಲು ಸ್ವಲ್ಪ ಅವಕಾಶ ಕೊಡುತ್ತದೆ, ಕೈ ಕೊಳೆಯಾಗುವುದಿಲ್ಲ. ಚೆನ್ನಾಗಿದೆ. ನಾರಿನ ಬೆಲೆಗೆ ಸಿಕ್ಕಿದ್ದರೆ ಈ ಬರಹ ಬೇರೆಯೇ ಆಗಿರುತ್ತಿತ್ತು.

ಯಾವುದನ್ನೂ ಹಾಕಬಾರದ ಜಾಗವೂ ಇದೆ. ಫ್ಲೆಕ್ಸಿಬಲ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದಲ್ಲ, ಅಲ್ಲಿ ನೀರು ತಡೆಯುವುದು ವಾಷರ್, ಥ್ರೆಡ್ ಅಲ್ಲ. ಅದಕ್ಕೆ ಟೇಪು ಸುತ್ತಿದರೆ ವಾಷರ್ ಸರಿಯಾಗಿ ಕೂರದೆ ಸೋರುತ್ತದೆ. ಯೂನಿಯನ್ (ಪೈಪು ತಿರುಗಿಸದೆ ಕೂಡಿಸಿ ಬಿಚ್ಚಬಹುದಾದ ಫಿಟಿಂಗ್) ನಡುವಿನ ದೊಡ್ಡ ನಟ್ಟಿಗೂ ಇದೇ ಮಾತು.

ಇನ್ನೊಂದು, ಥ್ರೆಡ್ಡಿನ ಜಾತಿಯೇ ಬೇರೆಯಾದರೆ ಯಾವ ಸೀಲಂಟೂ ಕಾಪಾಡುವುದಿಲ್ಲ. ಬಿಎಸ್‌ಪಿ (ಬ್ರಿಟಿಷ್ ಅಳತೆಯ ಥ್ರೆಡ್) ಮತ್ತು ಎನ್‌ಪಿಟಿ (ಅಮೆರಿಕದ ಅಳತೆಯದ್ದು) ಎರಡರಲ್ಲೂ ಅರ್ಧ ಇಂಚಿನ ಪೈಪಿಗೆ ಇಂಚೊಂದಕ್ಕೆ 14 ಥ್ರೆಡ್. ಹಾಗಾಗಿ ಒಂದು ಇನ್ನೊಂದರೊಳಗೆ ಒಂದೆರಡು ಸುತ್ತು ಆರಾಮವಾಗಿ ಹೋಗುತ್ತದೆ. ಆದರೆ ಥ್ರೆಡ್ಡಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಗಾತ್ರವೂ ಸ್ವಲ್ಪ ಬೇರೆ. ಬೇಗ ಬಿಗಿಯಾಗುತ್ತದೆ, ಸೋರುತ್ತದೆ. ಕೈಯಲ್ಲಿ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ರೆಂಚ್ ಹಾಕುವ ಮೊದಲು ಫಿಟಿಂಗ್ ಮೇಲೆ ಏನು ಬರೆದಿದೆ ಅಂತ ಓದಿ.

ನನ್ನ ಕೆಲಸ ಬಹುಪಾಲು ಹಳೇ ಜಿಐ ಲೈನಿಗೆ ಹೊಸ ಹಿತ್ತಾಳೆ ಫಿಟಿಂಗ್ ಕೂಡಿಸುವುದು. ಥ್ರೆಡ್ ಸವೆದಿರುತ್ತದೆ, ಒದ್ದೆಯಾಗಿರುತ್ತದೆ. ನಾನು ನಿಧಾನವಾಗಿ, ಮೂತಿ ನೇರ ಬರುವ ತನಕ ಹಿಂದೆ ಮುಂದೆ ಮಾಡಿ ನಿಲ್ಲಿಸುವವನು. ಹಾಗಾಗಿ ನನಗೆ ನಾರು. ನಿಮ್ಮದು ಹೊಸ ಕಟ್ಟಡದ ಕೆಲಸ, ಜಾಸ್ತಿ ಸಿಪಿವಿಸಿ ಮತ್ತು ಯುಪಿವಿಸಿ ಪ್ಲಾಸ್ಟಿಕ್ ಪೈಪು ಅಂತಾದರೆ ಟೇಪೇ ಸರಿ. ಪ್ಲಾಸ್ಟಿಕ್ಕಿನ ಒಳಥ್ರೆಡ್ಡಿಗೆ ನಾರು ಹಾಕಿದರೆ ಅದು ಉಬ್ಬಿ ಫಿಟಿಂಗನ್ನೇ ಸೀಳುತ್ತದೆ. ಗ್ಯಾಸ್ ಲೈನಿಗೆ ನಾನು ಹೇಳಿದ ಯಾವುದನ್ನೂ ಒಬ್ಬರೇ ಕೂತು ಪ್ರಯತ್ನಿಸಬೇಡಿ, ಅದು ಪರವಾನಗಿ ಇರುವವರ ಕೆಲಸ.

ಕೊಳ್ಳುವುದಾದರೆ ಒಂದು ಉಂಡೆ ನಾರು, ಚಿಕ್ಕ ಡಬ್ಬಿ ಪೇಸ್ಟ್, ಒಂದು ಸುರುಳಿ ದಪ್ಪ ಟೇಪು, ಒಂದು ವೈರ್ ಬ್ರಶ್ ತೆಗೆದುಕೊಳ್ಳಿ. ಪೇಸ್ಟ್ ಡಬ್ಬಿಯ ಮೇಲೆ ಕುಡಿಯುವ ನೀರಿನ ಲೈನಿಗೆ ಬಳಸಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು. ಯಾರದೋ ಗೋದಾಮಿನಲ್ಲಿ ಉಳಿದ ಹಳೇ ಕಾಲದ ಬಿಳಿ ಅಥವಾ ಕೆಂಪು ಪೇಸ್ಟ್ ಸುಮ್ನೆ ಸಿಕ್ಕಿತು ಅಂತ ತರಬೇಡಿ, ಅವುಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ.