ಕರೆಂಟ್ ಕುಕ್ಕರ್, ಗ್ಯಾಸ್ ಕುಕ್ಕರ್, ಇಂಡಕ್ಷನ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅಡುಗೆ ಬೇಗ ಆಗುತ್ತದೆ ಅಂತ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ತಗೊಳ್ಳುವ ಯೋಚನೆ ಇದ್ದರೆ ಬೇಡ, ದುಡ್ಡು ದಂಡ. ಅದರ ಲಾಭ ಬೇರೆ ಕಡೆ ಇದೆ.

ನಮ್ಮ ಮನೆ ಬೆಂಗಳೂರಿನಲ್ಲಿ. ನನ್ನ ತವರು ಉಡುಪಿ ಕಡೆ, ಗಂಡನ ಮನೆ ಮಂಡ್ಯ. ಹಾಗಾಗಿ ಒಂದೇ ಅಡುಗೆಮನೆಯಲ್ಲಿ ಕುಚ್ಚಲಕ್ಕಿಯೂ ಬೇಯಬೇಕು, ಹುರಳಿಕಾಳಿನ ಬಸ್ಸಾರೂ ಆಗಬೇಕು. ಗ್ಯಾಸ್ ಮೇಲೆ 5 ಲೀಟರಿನ ಮಾಮೂಲಿ ವಿಷಲ್ ಕುಕ್ಕರ್, ಇಂಡಕ್ಷನ್ ಒಲೆಗೆ ಒಂದು ಸ್ಟೀಲ್ ಕುಕ್ಕರ್, ಈಗ 6 ಲೀಟರಿನ ಎಲೆಕ್ಟ್ರಿಕ್. ಮೂರರಲ್ಲೂ ಅದೇ ಬೇಳೆ, ಅದೇ ಅಕ್ಕಿ, ಅದೇ ಕಾಳು ಹಾಕಿ ನೋಡಿದ್ದೇನೆ.

ತೊಗರಿಬೇಳೆಯಿಂದಲೇ ಶುರು ಮಾಡೋಣ. ಗ್ಯಾಸ್ ಮೇಲೆ ಇಟ್ಟರೆ ಏಳೆಂಟು ನಿಮಿಷಕ್ಕೆ ಮೊದಲ ವಿಷಲ್. ಉರಿ ಸಣ್ಣ ಮಾಡಿ ಇನ್ನೆರಡು ಕೂಗಿಸಿದರೆ ಸಾಕು, ಪ್ರೆಶರ್ ಇಳಿಯಲು ಒಂದು ಹತ್ತು ನಿಮಿಷ. ಎಲೆಕ್ಟ್ರಿಕ್‌ನಲ್ಲಿ 8 ನಿಮಿಷ ಅಂತ ಒತ್ತುತ್ತೀರಿ. ಆದರೆ ಆ 8 ನಿಮಿಷದ ಎಣಿಕೆ ಶುರುವಾಗುವುದು ಒಳಗೆ ಪ್ರೆಶರ್ ತುಂಬಿದ ಮೇಲೆ. ತುಂಬಲು ಹತ್ತು ನಿಮಿಷ, ಆಮೇಲೆ ಆ 8, ಆಮೇಲೆ ತಾನಾಗಿ ಇಳಿಯಲು ಮತ್ತೆ ಹತ್ತು ಹದಿನೈದು. ಒಟ್ಟು ಲೆಕ್ಕ ಹಾಕಿದರೆ ಗ್ಯಾಸೇ ಮುಂದೆ. ಡಬ್ಬದ ಮೇಲೆ ಬರೆದಿರುವ ನಿಮಿಷಗಳನ್ನು ನೋಡಿ ಖುಷಿಪಡಬೇಡಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ವಿಷಲ್ ಕುಕ್ಕರ್‌ನ ವೆಯ್ಟ್ ಎದ್ದು ಕೂಗುವುದು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡದಲ್ಲಿ. ಆಗ ಒಳಗಿನ ಬಿಸಿ 120 ಡಿಗ್ರಿ ಹತ್ತಿರ ಇರುತ್ತದೆ. ಎಲೆಕ್ಟ್ರಿಕ್ ಕುಕ್ಕರ್‌ಗಳು ಸಾಮಾನ್ಯವಾಗಿ 0.7ರಿಂದ 0.8 ಕೆಜಿಯಲ್ಲೇ ಓಡುತ್ತವೆ, ಬಿಸಿ 115ರಿಂದ 117 ಡಿಗ್ರಿ. ಮೂರ್ನಾಲ್ಕು ಡಿಗ್ರಿ ಏನು ಮಹಾ ಅನ್ನಬೇಡಿ, ಕಡಲೆಕಾಳು ಬೇಯಿಸುವಾಗ ಆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ನೀರಿನ ಲೆಕ್ಕವೂ ಬದಲಾಗುತ್ತದೆ. ವಿಷಲ್ ಕೂಗಿದಾಗೆಲ್ಲ ಒಂದಷ್ಟು ಆವಿ ಹೊರಗೆ ಹೋಗುತ್ತದೆ, ಎಲೆಕ್ಟ್ರಿಕ್‌ನಲ್ಲಿ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ. ಸೋನಾ ಮಸೂರಿಗೆ ಗ್ಯಾಸ್‌ನಲ್ಲಿ ಒಂದಕ್ಕೆ ಎರಡೂವರೆ ನೀರು ಹಾಕುವವರು ಇಲ್ಲಿ ಎರಡು ಹಾಕಿದರೂ ಅನ್ನ ಮೆತ್ತಗೇ ಆಗುತ್ತದೆ. ಒಳ್ಳೆಯದೂ ಇದೆ: ಒಲೆಯ ಮೇಲೆಲ್ಲ ಬೇಳೆಕಟ್ಟು ಚಿಮ್ಮಿ ಒರೆಸುವ ಕೆಲಸ ಪೂರ್ತಿ ತಪ್ಪುತ್ತದೆ.

ಈಗ ಎಲೆಕ್ಟ್ರಿಕ್ ಗೆಲ್ಲುವ ಜಾಗ. ಕುಚ್ಚಲಕ್ಕಿ! ಗ್ಯಾಸ್ ಕುಕ್ಕರ್‌ನಲ್ಲಿ ಇದು ದೊಡ್ಡ ತಲೆನೋವು, ಗಂಜಿ ಉಕ್ಕಿ ವಿಷಲ್ ತೂತಿನಿಂದ ಹೊರಗೆ ಬರುತ್ತದೆ, ಸಣ್ಣ ಉರಿಯಲ್ಲಿ ಕಾಯುತ್ತಾ ಅಲ್ಲೇ ನಿಂತಿರಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದಕ್ಕೇ ಥರ್ಮಲ್ ಕುಕ್ಕರ್ ಇರುತ್ತದೆ, ಒಂದು ಕುದಿ ಬರಿಸಿ ಅದರೊಳಗೆ ಕೂರಿಸಿದರೆ ಬಿಸಿಯಲ್ಲೇ ಬೇಯುತ್ತದೆ. ಎಲೆಕ್ಟ್ರಿಕ್‌ನಲ್ಲಿ ನಾನು ಅಕ್ಕಿ, ನೀರು ಎರಡೂ ಸೇರಿ ಅರ್ಧ ಪಾತ್ರೆ ದಾಟದಂತೆ ಹಾಕಿ, 25 ನಿಮಿಷ ಇಟ್ಟು, ಪ್ರೆಶರ್ ತಾನಾಗಿ ಇಳಿಯಲು ಬಿಡುತ್ತೇನೆ. ಅಗುಳು ಬಿಡಿಬಿಡಿಯಾಗಿ ಅರಳಿರುತ್ತದೆ, ತಿಳಿ ಬಸಿದರೆ ಊಟಕ್ಕೆ ರೆಡಿ. ರಾತ್ರಿಯೇ ಅಕ್ಕಿ ನೆನೆಹಾಕಿ, ಬೆಳಗ್ಗೆ ಐದೂವರೆಗೆ ಶುರುವಾಗುವಂತೆ ಒತ್ತಿ ಮಲಗಿದರೆ ಏಳಕ್ಕೆ ಬಿಸಿ ಗಂಜಿ, ಉಪ್ಪಿನಕಾಯಿ. ಈ ಒಂದು ಸುಖಕ್ಕೆ ಗ್ಯಾಸಿನಲ್ಲಿ ಉತ್ತರವಿಲ್ಲ.

ಹುರಳಿಕಾಳೂ ಹಾಗೆಯೇ. ನೆನೆಸದೇ ಹಾಕಿದರೂ 40 ನಿಮಿಷಕ್ಕೆ ಬೆಂದು, ಕಟ್ಟು ಗಟ್ಟಿಯಾಗಿ ಬರುತ್ತದೆ. ನಮ್ಮತ್ತೆ ಮೊದಲು ಇದನ್ನು ಅನುಮಾನದಿಂದಲೇ ನೋಡುತ್ತಿದ್ದರು, ಈಗ ಕಾಲು ಸೂಪ್ ಅಂದರೆ ಅವರೇ ಪ್ಲಗ್ ಹಾಕುತ್ತಾರೆ. ಒಂದು ಗಂಟೆ ಇಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು, ಎಷ್ಟು ಕೂಗಿತು ಅಂತ ಟಿವಿ ಸದ್ದಿನ ನಡುವೆ ಎಣಿಸುವ ರಗಳೆ ಇಲ್ಲ.

ಸೋಲುವ ಕಡೆ ಕೂಡ ಚೆನ್ನಾಗಿಯೇ ಸೋಲುತ್ತದೆ. ಹಿತಕಿದಬೇಳೆ, ಎಳೆ ಅವರೆಕಾಳು ಇದಕ್ಕೆ ಹಾಕಲೇಬೇಡಿ, ಪ್ರೆಶರ್ ತುಂಬುವಷ್ಟರಲ್ಲೇ ಅರ್ಧ ಬೆಂದು ಕೊನೆಗೆ ಮುದ್ದೆಯಾಗುತ್ತದೆ. ನಿಜವಾದ ಮುದ್ದೆ ಅಂತೂ ಗ್ಯಾಸ್ ಮೇಲೆ, ಕೋಲು ಹಿಡಿದೇ ಆಗಬೇಕು. ಬಿಸಿಬೇಳೆಬಾತ್‌ನ ಮಸಾಲೆ, ಹುಣಸೆರಸ ಎಲ್ಲ ಒಟ್ಟಿಗೆ ಸುರಿದರೆ ತಳ ಹಿಡಿದು, ಪರದೆಯ ಮೇಲೆ ಬರ್ನ್ ಅಂತ ತೋರಿಸಿ ಬಿಸಿ ನಿಲ್ಲಿಸಿಬಿಡುತ್ತದೆ. ಅನ್ನ, ಬೇಳೆ, ತರಕಾರಿ ಬೇಯಿಸಿಕೊಂಡು ಮಸಾಲೆ ಆಮೇಲೆ ಕಲಸುವುದೇ ವಾಸಿ. ಇಡ್ಲಿಗೆ ಆವಿ ಹೊರಹೋಗುವ ವಾಲ್ವ್ ತೆರೆದಿಡಬೇಕು. ಆಗ ಪ್ರೆಶರ್ ತುಂಬುವುದೇ ಇಲ್ಲ, ಅದರ ಟೈಮರೂ ಓಡುವುದಿಲ್ಲ, ಗಡಿಯಾರ ನೀವೇ ನೋಡಿಕೊಳ್ಳಬೇಕು. ಒಗ್ಗರಣೆಯೂ ಅದರಲ್ಲೇ ಮಾಡಬಹುದು ಅಂತ ಹೇಳುತ್ತಾರೆ, ಮಾಡಬಹುದು ನಿಜ, ಆದರೆ ಆ ದಪ್ಪ ತಳ ಕಾಯುವಷ್ಟರಲ್ಲಿ ಸಣ್ಣ ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿದು ಮುಗಿದಿರುತ್ತದೆ.

ಇನ್ನೊಂದು ಕಿರಿಕಿರಿ. ಗ್ಯಾಸ್ ಕುಕ್ಕರ್ ಅರ್ಜೆಂಟಾಗಿ ತೆಗೆಯಬೇಕಾದರೆ ನಲ್ಲಿ ಕೆಳಗೆ ಹಿಡಿದರೆ ನಿಮಿಷದಲ್ಲಿ ಇಳಿಯುತ್ತದೆ. ಇದನ್ನು ನಲ್ಲಿ ಹತ್ತಿರವೂ ತರುವಂತಿಲ್ಲ. ವಾಲ್ವ್ ತಿರುಗಿಸಿ ಆವಿ ಬಿಟ್ಟರೆ, ಒಳಗೆ ಬೇಳೆ ಇದ್ದಾಗ ನೊರೆ ಸಮೇತ ಗೋಡೆಗೆ ಹಾರುತ್ತದೆ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. 1000 ವಾಟ್‌ನದಾದರೂ ಪ್ರೆಶರ್ ತುಂಬಿದ ಮೇಲೆ ಆಗಾಗ ಮಾತ್ರ ಕರೆಂಟ್ ಎಳೆಯುತ್ತದೆ, ಒಂದು ಬೇಳೆಗೆ ಕಾಲು ಯೂನಿಟ್ಟಿಗಿಂತ ತುಸು ಜಾಸ್ತಿ. ಗ್ಯಾಸಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಇರುವವರು ಒಂದು ಮಾತು ನೆನಪಿಡಿ: ಉಚಿತ ಸಿಗುವುದು ನಿಮ್ಮ ಹಳೆಯ ಸರಾಸರಿಗಿಂತ ಸ್ವಲ್ಪ ಮೇಲಿನವರೆಗೆ ಮಾತ್ರ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿ ಇರುವವರಿಗೆ ದಿನಾ ಕರೆಂಟಿನಲ್ಲಿ ಅಡುಗೆ ಮಾಡುವುದು ದುಬಾರಿಯಾಗಬಹುದು. ಕರೆಂಟ್ ಹೋದರೆ? ಮನೆಯ ಮಾಮೂಲಿ ಇನ್ವರ್ಟರ್‌ಗೆ ಇಷ್ಟು ಲೋಡ್ ಜಾಸ್ತಿಯಾಗುತ್ತದೆ. ಸಿಲಿಂಡರ್ ಇರುವ ಮನೆಗೆ ತೊಂದರೆ ಇಲ್ಲ ಬಿಡಿ.

ರಿಪೇರಿಯಲ್ಲಿ ಗ್ಯಾಸ್ ಕುಕ್ಕರ್ ಕಣ್ಣುಮುಚ್ಚಿ ಗೆಲ್ಲುತ್ತದೆ. ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತವೆ, ರಿಪೇರಿಯವರು ಬೀದಿಗೇ ಬರುತ್ತಾರೆ. ಎಲೆಕ್ಟ್ರಿಕ್‌ನ ಮುಚ್ಚಳದ ಸಿಲಿಕೋನ್ ರಿಂಗ್ ಆನ್‌ಲೈನ್‌ನಲ್ಲಿ ತರಿಸಬೇಕು, ಒಳಗಿನ ಬೋರ್ಡ್ ಕೆಟ್ಟರೆ ಸರ್ವಿಸ್ ಸೆಂಟರ್‌ಗೆ ಅಲೆಯಬೇಕು. ಆ ರಿಂಗ್ ವಾಸನೆಯನ್ನೂ ಹಿಡಿದುಕೊಳ್ಳುತ್ತದೆ. ಮಟನ್ ಮಾಡಿದ ಮರುದಿನ ಅದರಲ್ಲೇ ಹೆಸರುಬೇಳೆ ಪಾಯಸ ಇಟ್ಟರೆ ಗೊತ್ತಾಗುತ್ತದೆ, ಅಲ್ವಾ? ಎರಡು ರಿಂಗ್ ಇಟ್ಟುಕೊಳ್ಳಲೇಬೇಕು.

ಯಾರೂ ಹೇಳದ ಮೂರನೇ ಆಯ್ಕೆ ಇಂಡಕ್ಷನ್. ತಳಕ್ಕೆ ಅಯಸ್ಕಾಂತ ಅಂಟುವ ಕುಕ್ಕರ್ ಇದ್ದರೆ ಸಾಕು, 800 ವಾಟ್‌ಗೆ ಇಟ್ಟು ಟೈಮರ್ ಹಾಕಿ ಹೋದರೆ ಬೇಳೆ ಬೆಂದು ತಾನಾಗಿ ಆಫ್ ಆಗುತ್ತದೆ. ಟೈಮರ್ ಎಷ್ಟು ನಿಮಿಷ ಅಂತ ನಿಮ್ಮ ಕುಕ್ಕರ್‌ಗೆ ಒಂದೆರಡು ಸಲ ನೋಡಿ ಕಂಡುಕೊಳ್ಳಿ. ವಿಷಲ್ ಕೂಗುತ್ತದೆ, ಕೂಗಲಿ, ಯಾರೂ ಎಣಿಸಬೇಕಾಗಿಲ್ಲ. ಎಲೆಕ್ಟ್ರಿಕ್ ಕುಕ್ಕರ್ ಕೊಡುವ ಸುಖದಲ್ಲಿ ಮುಕ್ಕಾಲು ಪಾಲು ಇಲ್ಲೇ ಸಿಗುತ್ತದೆ, ದುಡ್ಡು ಎಷ್ಟೋ ಕಡಿಮೆ, ಮೇಲೆ ಹಾಲೂ ಕಾಯಿಸಬಹುದು. ಇಲ್ಲಿ ಸಿಗದೇ ಇರುವುದು ರಾತ್ರಿ ಒತ್ತಿ ಬೆಳಗ್ಗೆ ಬೇಯುವ ಸೌಕರ್ಯ, ಮತ್ತೆ ಗಂಜಿ ಉಕ್ಕದೇ ಇರುವುದು.

ಹಾಗಾಗಿ ನನ್ನ ಲೆಕ್ಕ ಇಷ್ಟು. ದಿನಾ ಅನ್ನ, ಸಾರು, ಪಲ್ಯ ಮಾಡುವ ಮನೆಗೆ ಗ್ಯಾಸ್ ಕುಕ್ಕರ್ ಜೊತೆ ಒಂದು ಇಂಡಕ್ಷನ್ ಧಾರಾಳ. ಕಾಳು, ಕುಚ್ಚಲಕ್ಕಿ, ಮಟನ್ ವಾರಕ್ಕೆ ಹಲವು ಸಲ ಮಾಡುವವರು, ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಓಡುವವರು, ಅಡುಗೆಮನೆಯಲ್ಲಿ ತುಂಬಾ ಹೊತ್ತು ನಿಲ್ಲಲಾಗದ ಹಿರಿಯರು ಎಲೆಕ್ಟ್ರಿಕ್ ತಗೊಳ್ಳಲಿ. ಅಮೆರಿಕದಲ್ಲಿರುವ ನಮ್ಮವರು ಇದನ್ನು ಹೊಗಳುವುದಕ್ಕೂ ಅರ್ಥವಿದೆ. ಗ್ಯಾಸಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಕಾಯಿಲ್ ಒಲೆಯ ಉರಿ ಸಣ್ಣ ಮಾಡಿದರೂ ಬಿಸಿ ತಕ್ಷಣ ಇಳಿಯುವುದಿಲ್ಲ, ಅಲ್ಲಿ ವಿಷಲ್ ಕುಕ್ಕರ್ ಸಂಭಾಳಿಸುವುದೇ ಕಷ್ಟ.

ತಗೊಳ್ಳುವುದಾದರೆ ಒಳಪಾತ್ರೆ ಸ್ಟೀಲಿನದೇ ಇರಲಿ, ನಾನ್‌ಸ್ಟಿಕ್ ಬೇಡ, ಸೌಟು ತಾಗಿ ಗೀರು ಬೀಳುತ್ತದೆ. 3 ಲೀಟರಿನದು ಇಬ್ಬರಿಗೆ ಸರಿ, ಆದರೆ ಅನ್ನ ಬೇಳೆ ಒಂದರ ಮೇಲೊಂದು ಇಡುವ ನಿಮ್ಮ ಹಳೆಯ ಕುಕ್ಕರ್ ಡಬ್ಬಿಗಳು ಅದರಲ್ಲಿ ಇಳಿಯುವುದು ಅನುಮಾನ. ಅಂಗಡಿಗೆ ಹೋಗುವಾಗ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಇಟ್ಟು ಮುಚ್ಚಳ ಹಾಕಿ ನೋಡಿ.