ಕಣ್ಣಿಲ್ಲದ ಎಲೆಗೆ 1,800 ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಎರಡು ಇಟ್ಟಿಗೆ ತರುತ್ತೇನೆ ಅಂತ ಮನೆಯಲ್ಲಿ ಹೇಳಿ ಹೋದವಳು ನಾನು. ವಾಪಸ್ ಬಂದಾಗ ಕೈಯಲ್ಲಿ ಮೂರು ಗಿಡ ಇದ್ದವು, 3,350 ರೂಪಾಯಿ ಖರ್ಚಾಗಿತ್ತು, ಕೊಕೊಪೀಟ್ ಮರೆತೇಹೋಗಿತ್ತು. ಆ ಮೂರರಲ್ಲಿ ಒಂದು ಗಿಡವೇ ಆಗಿರಲಿಲ್ಲ. ಇನ್ನೊಂದು ಬಣ್ಣ ಬದಲಾಯಿಸಿತು. ಮತ್ತೊಂದು ತಾನೂ ಹೋಗಿ, ಮನೆಯ ದಾಸವಾಳವನ್ನೂ ಹಾಳು ಮಾಡಿತು.

ಕಳೆದ ವರ್ಷ ಜೂನ್, ಮಳೆ ಹಿಡಿದಿದ್ದ ಭಾನುವಾರ. ಬೆಂಗಳೂರಿನ ವಿಜಯನಗರದಿಂದ ಮೆಟ್ರೋ ಹತ್ತಿ ದಕ್ಷಿಣದ ಕಡೆ ಒಂದು ಕಲ್ಯಾಣ ಮಂಟಪಕ್ಕೆ ಹೋದೆ. ಎರಡು ದಿನದ ಗಿಡಗಳ ಮೇಳ. ಮದುವೆಯಲ್ಲಿ ಊಟಕ್ಕೆ ಹಾಕುವ ಉದ್ದ ಟೇಬಲ್‌ಗಳ ಮೇಲೆ ಆಂಥೂರಿಯಂ, ಅಲೋಕೇಶಿಯಾ, ಫಿಲೋಡೆಂಡ್ರಾನ್ ಎಲ್ಲ ಸಾಲಾಗಿ ಕೂತಿದ್ದವು. ಒಂದು ಸ್ಟಾಲ್ ಮುಂದೆ ಮಾತ್ರ ಜಾತ್ರೆ. ಮೇಲೆ ನೇರಳೆ ಬಣ್ಣದ ಗ್ರೋ ಲೈಟ್, ಕೆಳಗೆ ಒಂದಕ್ಕಿಂತ ಒಂದು ಚೆಂದದ ವೇರಿಗೇಟೆಡ್, ಅಂದರೆ ಬಣ್ಣ ಬೆರೆತ ಎಲೆಗಳು. ಆ ದೀಪದ ಕೆಳಗೆ ಯಾವ ಎಲೆಯ ನಿಜವಾದ ಬಣ್ಣವೂ ಗೊತ್ತಾಗಲ್ಲ ಅಂತ ನನಗೆ ಹೊಳೆದಿದ್ದು ಮನೆಗೆ ಬಂದ ಮೇಲೆ.

"ಮೇಡಂ, ಇದು ಥಾಯ್ಲೆಂಡ್ ಪೀಸ್. ಆಲ್ಬೊ, ಹಾಫ್ ಮೂನ್. ಬೆಳಗ್ಗೆಯಿಂದ ಆರು ಹೋಯ್ತು, ಇದೊಂದೇ ಉಳಿದಿರೋದು." ಮಾನ್‌ಸ್ಟೆರಾ ಬಳ್ಳಿಯ ಎಲೆ, ಬಿಳಿ ಬೆರೆತ ತಳಿಗೆ ಆಲ್ಬೊ ಅಂತಾರೆ. ನಡುವಿನ ನರ ಗೆರೆ ಹೊಡೆದಂತೆ ಅರ್ಧ ಹಸಿರು, ಅರ್ಧ ಹಾಲಿನ ಬಿಳಿ. ಸಣ್ಣ ಪಾರದರ್ಶಕ ಲೋಟ, ಅದರ ತುಂಬ ಒತ್ತಿ ತುಂಬಿದ ಪಾಚಿ, ಪಾಚಿಯಲ್ಲಿ ಚುಚ್ಚಿದ ಎಲೆ. 2,500 ಹೇಳಿದ, 1,800ಕ್ಕೆ ಇಳಿದ. ಬೇರು ಬಿಟ್ಟಿದೆಯಾ ಅಂತ ಕೇಳಿದೆ. "ಬಿಡ್ತಾ ಇದೆ ಮೇಡಂ, ಈಗ ಎಳೆದು ನೋಡಿದ್ರೆ ಮುರಿದುಹೋಗುತ್ತೆ" ಅಂದ. ಎಷ್ಟು ಸರಿಯಾಗಿದೆ ಅಲ್ವಾ ಕೇಳೋಕೆ! ಅಲ್ಲೇ ಪಕ್ಕದಲ್ಲಿ ಪೂರ್ತಿ ಗುಲಾಬಿ ಎಲೆಯ ಒಂದು ಫಿಲೋಡೆಂಡ್ರಾನ್ ಇತ್ತು, 1,200. ಅದನ್ನೂ ಎತ್ತಿಕೊಂಡೆ. ಇಷ್ಟು ದುಡ್ಡು ಹಾಕಿದ ಮೇಲೆ ಇದೂ ಇರಲಿ ಅಂತ 350ಕ್ಕೆ ಒಂದು ಬಿಳಿ ಚುಕ್ಕೆಯ ಸಿಂಗೋನಿಯಂ.

ಬಿಲ್ ಕೇಳಿದೆ. ಪುಸ್ತಕ ಮುಗಿದಿದೆ ಅಂದ. ವಿಸಿಟಿಂಗ್ ಕಾರ್ಡ್? ಅದೂ ಮುಗಿದಿದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸ್ಟಾಲ್ ಹೆಸರಿಗೂ ಅದರಲ್ಲಿ ಬಂದ ಹೆಸರಿಗೂ ಸಂಬಂಧವೇ ಇಲ್ಲ. ಹಿಂದೆ ಜನ ತಳ್ಳುತ್ತಿದ್ದರು, ಪಿನ್ ಒತ್ತಿಬಿಟ್ಟೆ.

ನಮ್ಮ ಅತ್ತೆ ಮಂಡ್ಯದ ಕಡೆಯವರು. ಗದ್ದೆ, ಕಬ್ಬು ಮಾಡಿಕೊಂಡು ಬೆಳೆದವರು. ನಾನು ಲೋಟವನ್ನು ಅಡುಗೆಮನೆ ಕಿಟಕಿ ಹತ್ತಿರ ಇಟ್ಟು ಫೋಟೋ ತೆಗೆಯುತ್ತಿದ್ದೆ. ಅವರು ಬಂದು ಎರಡು ಬೆರಳಲ್ಲಿ ಪಾಚಿ ಸರಿಸಿದರು. ಕೆಳಗೆ ಬೇರಿಲ್ಲ. ಬೇರು ಹೋಗಲಿ, ಕಾಂಡವೂ ಇಲ್ಲ. ಎಲೆಯ ತೊಟ್ಟು ಮಾತ್ರ, ತುದಿಯಲ್ಲಿ ಬ್ಲೇಡಿನಲ್ಲಿ ಕತ್ತರಿಸಿದ ನುಣುಪು ಗಾಯ.

"ಇದ್ಕೆ ಕಣ್ಣೇ ಇಲ್ವಲ್ಲ ಕಣವ್ವಾ" ಅಂದರು.

ನನಗೆ ಅರ್ಥವಾಗಲಿಲ್ಲ. ಕಬ್ಬು ನಾಟಿ ಮಾಡುವಾಗ ಗೆಣ್ಣು ಇರುವ ತುಂಡನ್ನೇ ಇಡಬೇಕು, ಗೆಣ್ಣಿನಲ್ಲಿರುವ ಕಣ್ಣಿನಿಂದಲೇ ಮೊಳಕೆ ಬರುವುದು, ಸೋಗೆ ನೆಟ್ಟರೆ ಕಬ್ಬು ಬರುತ್ತಾ ಅಂತ ಕೇಳಿದರು. ಅಷ್ಟೇ ವಿಷಯ. ಗಿಡದ ಅಂಗಡಿಯವರು ನೋಡ್ ಅಂತಾರಲ್ಲ, ಅದೇ ಈ ಗೆಣ್ಣು. ಮಾನ್‌ಸ್ಟೆರಾ, ಫಿಲೋಡೆಂಡ್ರಾನ್, ಮನಿ ಪ್ಲಾಂಟ್, ವೀಳ್ಯದೆಲೆ ಬಳ್ಳಿ, ಎಲ್ಲಕ್ಕೂ ಇದೇ ಲೆಕ್ಕ. ಬರೀ ತೊಟ್ಟನ್ನು ನೀರಿಗೆ ಹಾಕಿದರೆ ಎಲೆ ತಿಂಗಳುಗಟ್ಟಲೆ ಹಸಿರಾಗಿರಬಹುದು, ಅಪರೂಪಕ್ಕೆ ಬೇರೂ ಬಿಡಬಹುದು. ಹೊಸ ಚಿಗುರು ಮಾತ್ರ ಬರಲ್ಲ. ಎಲ್ಲ ಎಲೆಯೂ ಕಾಡುಬಸಳೆ ಎಲೆ ಅಲ್ಲವಲ್ಲ, ಅಂಚಿನಲ್ಲಿ ಮರಿ ಹಾಕೋಕೆ.

ಆಮೇಲೆ ಕೂತು ಓದಿದೆ. ದುಡ್ಡು ಹೋದ ಮೇಲೆ ಓದುವ ಉತ್ಸಾಹ ನೋಡಬೇಕು ನನ್ನದು. ಆಲ್ಬೊದಲ್ಲಿ ಎಲೆಗಿಂತ ಕಾಂಡಕ್ಕೆ ಬೆಲೆ. ಒಂದೇ ಗಿಡದಲ್ಲಿ ಹಸಿರು ಮಾಡುವ ಜೀವಕೋಶ, ಮಾಡದ ಜೀವಕೋಶ ಎರಡೂ ಇರುತ್ತವೆ. ಕಾಂಡದ ಮೇಲೆ ಬಿಳಿ ಗೆರೆ ಕಣ್ಣಿನ ಮೇಲೇ ಹಾದುಹೋಗಿದ್ದರೆ ಮುಂದಿನ ಎಲೆಗಳಲ್ಲೂ ಬಿಳಿ ಬರುವ ಸಾಧ್ಯತೆ ಜಾಸ್ತಿ. ಕಾಂಡ ಪೂರ್ತಿ ಹಸಿರಾಗಿದ್ದರೆ ಎಲೆ ಎಷ್ಟೇ ಚೆಂದ ಇರಲಿ, ಬರುವುದು ಹೆಚ್ಚಾಗಿ ಹಸಿರು ಗಿಡ. ಪೂರ್ತಿ ಬಿಳಿ ಇದ್ದರೂ ಕಷ್ಟ, ಬಿಳಿ ಎಲೆ ಊಟ ತಯಾರಿಸಲ್ಲ, ಗಿಡ ಸೊರಗಿ ಸಾಯುತ್ತದೆ. ಅದೇ ಸ್ಟಾಲ್‌ನಲ್ಲಿ ಆಲ್ಬೊ ಬೀಜ ಅಂತ ಪ್ಯಾಕೆಟ್ ಕೂಡ ಇತ್ತು. ಈ ಅರ್ಧ ಬಿಳಿ ಅರ್ಧ ಹಸಿರು ಬೀಜದಲ್ಲಿ ಬರುವಂಥದ್ದಲ್ಲ. ಪುಣ್ಯಕ್ಕೆ ಅದನ್ನು ಕೊಳ್ಳಲಿಲ್ಲ.

ಎಲೆಯನ್ನು ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ ಇಟ್ಟೆ. ಬಿಸಾಡೋಕೆ ಮನಸ್ಸು ಬರಲಿಲ್ಲ. ಬಿಳಿ ಭಾಗ ಮೊದಲು ಕಂದಾಯಿತು, ಅಂಚಿನಿಂದ ಒಳಕ್ಕೆ, ದೋಸೆ ಸೀದ ಹಾಗೆ. ದಸರಾ ಹೊತ್ತಿಗೆ ತೊಟ್ಟು ಮೆತ್ತಗಾಗಿ ನೀರು ನಾತ ಹೊಡೆಯಿತು.

ಗುಲಾಬಿ ಗಿಡದ್ದು ಇನ್ನೂ ಜಾಣ ಮೋಸ. ಅವನು ಅದನ್ನು ಪಿಂಕ್ ಪ್ರಿನ್ಸೆಸ್ ಅಂತ ಕೊಟ್ಟಿದ್ದ. ಅದು ಪಿಂಕ್ ಕಾಂಗೋ. ಪ್ರಿನ್ಸೆಸ್‌ಗೆ ಎಲೆ ಕಡು ಹಸಿರು, ಹೆಚ್ಚುಕಮ್ಮಿ ಕಪ್ಪು ಅನ್ನಬಹುದು. ಅದರ ಮೇಲೆ ಹೋಳಿ ಬಣ್ಣ ಎರಚಿದ ಹಾಗೆ ಅಡ್ಡಾದಿಡ್ಡಿ ಗುಲಾಬಿ. ಒಂದು ಎಲೆ ಇದ್ದಂತೆ ಇನ್ನೊಂದಿಲ್ಲ, ಕಾಂಡದಲ್ಲೂ ಗುಲಾಬಿ ಗೆರೆ ಕಾಣುತ್ತದೆ. ಕಾಂಗೋದಲ್ಲಿ ಮೇಲಿನ ನಾಲ್ಕೈದು ಎಲೆ ಪೂರ್ತಿ ಒಂದೇ ಗುಲಾಬಿ, ಕೆಳಗಿನವು ಮಾಮೂಲಿ ಹಸಿರು. ಆ ಗುಲಾಬಿ ಗಿಡದ ಸ್ವಂತದ್ದಲ್ಲ. ಮಾರುವ ಮೊದಲು ಎಥಿಲೀನ್‌ನಂಥ ರಾಸಾಯನಿಕ ಕೊಟ್ಟು ಹಾಗೆ ಮಾಡಿಸುತ್ತಾರೆ. ಎಥಿಲೀನ್ ಅಂದರೆ ಬಾಳೆಕಾಯಿ ಹಣ್ಣು ಮಾಡೋಕೆ ಬಳಸುವ ಅದೇ ಅನಿಲ. ಅದರ ಪ್ರಭಾವ ಇಳಿದ ಮೇಲೆ ಹೊಸ ಎಲೆ ಹಸಿರು. ನನ್ನ ಗಿಡದಲ್ಲಿ ಆಗಸ್ಟ್‌ನಲ್ಲಿ ಬಂದ ಎಲೆ ಅರ್ಧ ಮಾಸಲು ಗುಲಾಬಿ. ನೆರಳು ಜಾಸ್ತಿ ಆಯ್ತೇನೋ ಅಂತ ಕುಂಡವನ್ನು ಬಾಲ್ಕನಿಯ ಮೂಲೆಮೂಲೆಗೂ ಓಡಾಡಿಸಿದೆ. ಸಂಕ್ರಾಂತಿಗೆ ಪೂರ್ತಿ ಹಸಿರು. ಗಿಡ ಗಟ್ಟಿಮುಟ್ಟಾಗಿದೆ ಬಿಡಿ, ಆದರೆ ಹಸಿರು ಕಾಂಗೋಗೆ ಯಾರು 1,200 ಕೊಡ್ತಾರೆ?

ಸಿಂಗೋನಿಯಂ ಬಗ್ಗೆ ಬರೆಯೋಕೆ ನನಗೇ ಬೇಜಾರು. ಎಲೆ ಮಡಿಕೆಗಳಲ್ಲಿ ಹತ್ತಿಯ ಥರ ಏನೋ ಇತ್ತು. ಕುಂಡದ ಮಣ್ಣಿಗೆ ಬೆರೆಸುವ ಬಿಳಿ ಹರಳು, ಪರ್ಲೈಟ್, ಅಂಟಿಕೊಂಡಿದೆ ಅಂದುಕೊಂಡೆ. ಹಿಟ್ಟು ತಿಗಣೆ ಅದು. ಗಿಡವನ್ನು ಸೀದಾ ತಗೊಂಡು ಹೋಗಿ ಅತ್ತೆಯ ದಾಸವಾಳದ ಪಕ್ಕ ಇಟ್ಟಿದ್ದೆ. ಮೂರು ವಾರದಲ್ಲಿ ದಾಸವಾಳದ ಕುಡಿಗಳು ಮುರುಟಿದವು, ಮೊಗ್ಗು ಅರಳದೆ ಉದುರಿದವು, ಇರುವೆ ಸಾಲು ಹತ್ತಿತು. ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ವಾರಕ್ಕೊಮ್ಮೆ ಹೊಡೆದೆ. ತಡವಾಗಿತ್ತು. ಕೊನೆಗೆ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಬೇಕಾಯಿತು. ಒಂಬತ್ತು ವರ್ಷದ ಗಿಡ. ಬೆಳಗ್ಗೆ ಪೂಜೆಗೆ ಅತ್ತೆ ಅದರಿಂದಲೇ ಹೂ ಕೀಳುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮಾರುಕಟ್ಟೆಯಿಂದ ಹೂ ತರಿಸಿದರು.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು ಅಂದರು ನಮ್ಮವರು. ಏನಂತ ಮಾಡಲಿ? ಬಿಲ್ ಇಲ್ಲ, ಅಂಗಡಿ ಇಲ್ಲ, ಸ್ಟಾಲ್ ಬೋರ್ಡಿನ ನಂಬರ್ ಸ್ವಿಚ್ ಆಫ್. ಆ ಥಾಯ್ಲೆಂಡ್ ಮಾತೂ ಅಷ್ಟೇ. ಹೊರದೇಶದಿಂದ ಗಿಡ ತರಬೇಕಾದರೆ ಆಮದು ಪರವಾನಗಿ, ಜೊತೆಗೆ ಆ ದೇಶದವರು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಬೇಕು. 2003ರಿಂದ ಇರುವ ಕೇಂದ್ರದ ಆದೇಶ ಅದು. ನಿಜವಾಗಿ ತರಿಸುವವರ ಹತ್ತಿರ ಇವೆಲ್ಲ ಇರುತ್ತವೆ. ಒಂದು ಸಲ ಕೇಳಿ ನೋಡಿ, ಮುಖ ನೋಡಿದರೆ ಸಾಕು, ಗೊತ್ತಾಗುತ್ತೆ.

ನೀವು ಮೇಳಕ್ಕೆ ಹೋಗೋದಾದರೆ ಪಾಚಿ ಸರಿಸಿ ಕಾಂಡ ತೋರಿಸಿ ಅಂತ ಕೇಳಿ. ಮುರಿಯುತ್ತೆ ಅಂದರೆ ಮುಂದಿನ ಸ್ಟಾಲ್‌ಗೆ ನಡೆಯಿರಿ. ಗಿಡವನ್ನು ದೀಪದ ಕೆಳಗಿಂದ ತಗೊಂಡು ಬಾಗಿಲ ಹತ್ತಿರ ಬೆಳಕಿಗೆ ಹಿಡಿಯಿರಿ, ಎಲೆ ತಿರುಗಿಸಿ ನೋಡಿ. ಗಿಡದ ಪೂರ್ತಿ ಹೆಸರು ಬರೆದ ಬಿಲ್ ಇಲ್ಲದೆ ಸಾವಿರ ದಾಟಿದ್ದು ಯಾವುದೂ ಬೇಡ. ಮನೆಗೆ ತಂದ ಮೇಲೆ ಮೂರು ವಾರ ಬೇರೆ ಕಡೆ ಇಡಿ, ಬಚ್ಚಲುಮನೆ ಕಿಟಕಿಯಾದರೂ ಸರಿ.

ಹೋದ ತಿಂಗಳು ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿದ್ದೆ, ಹೊಸ ದಾಸವಾಳ ತರೋಕೆ. ಅತ್ತೆಯೂ ಬಂದಿದ್ದರು. ಅಲ್ಲೊಂದು ಸಣ್ಣ ಬಿಳಿ ಸಿಂಗೋನಿಯಂ ಕಣ್ಣಿಗೆ ಬಿತ್ತು. ನನ್ನ ಕೈ ಪರ್ಸಿಗೆ ಹೋಗಿದ್ದನ್ನು ಅತ್ತೆ ನೋಡಿದರು. ಕುಂಡ ಈಸ್ಕೊಂಡು, ಕನ್ನಡಕ ಹಾಕಿಕೊಂಡು, ಎಲೆಗಳನ್ನು ಒಂದೊಂದಾಗಿ ತಿರುಗಿಸಿದರು. ಬುಡದ ಮಣ್ಣು ಬೆರಳಲ್ಲಿ ಕೆದಕಿದರು. ನರ್ಸರಿ ಹುಡುಗ ನಗುತ್ತಾ ನಿಂತಿದ್ದ.

"ಎರಡು ಕಣ್ಣವೆ. ತಗೋ" ಅಂದರು.