ಪೀರ್-ಟು-ಪೀರ್ ಸಾಲ: ಬಡ್ಡಿ ಬರುತ್ತದೆ, ಬೇಕೆಂದಾಗ ಅಸಲು ಬರುವುದಿಲ್ಲ

ಆನ್‌ಲೈನ್ ಪೀರ್-ಟು-ಪೀರ್ ಸಾಲದ, ಅಂದರೆ ಬ್ಯಾಂಕ್ ಇಲ್ಲದೆ ಜನರೇ ಜನರಿಗೆ ಸಾಲ ಕೊಡುವ, ಪ್ಲಾಟ್‌ಫಾರ್ಮ್ ಒಂದರಲ್ಲಿ ಹಲವು ವರ್ಷಗಳಿಂದ ಹಣ ಹಾಕುತ್ತಿದ್ದೇನೆ. ನಮ್ಮ ಹಣ ಸಣ್ಣ ಸಣ್ಣ ಪಾಲಾಗಿ ನೂರಾರು ಜನರ ಸಾಲಕ್ಕೆ ಹಂಚಿಹೋಗುತ್ತದೆ. ಅವರು ಕಂತು ಕಟ್ಟಿದ ಹಾಗೆ ಅಸಲು, ಬಡ್ಡಿ ಎರಡೂ ಖಾತೆಗೆ ಬರುತ್ತವೆ. ಲೆಕ್ಕ ಚೊಕ್ಕವಾಗಿದೆ, ಆ್ಯಪ್ ಬಳಸುವುದೂ ಸುಲಭ.

ಆದರೆ ಮೊದಲ ತಿಂಗಳುಗಳ ಲಾಭ ನೋಡಿ ಹಿಗ್ಗಬೇಡಿ. ಸಾಲ ಹೊಸದಿದ್ದಾಗ ಹೆಚ್ಚಿನವರು ಸರಿಯಾಗಿ ಕಟ್ಟುತ್ತಾರೆ. ಸುಸ್ತಿ ಶುರುವಾಗುವುದು ಆಮೇಲೆ. 12% ಬಡ್ಡಿಯಲ್ಲಿ ವರ್ಷಕ್ಕೆ 5% ಮುಳುಗಿ, 1% ಶುಲ್ಕಕ್ಕೆ ಹೋದರೆ ಕೈಗೆ ಉಳಿಯುವುದು ಸುಮಾರು 6%. ಅದರ ಮೇಲೆ ತೆರಿಗೆ ಬೇರೆ.

ನನ್ನ ದೊಡ್ಡ ದೂರು ಹಣ ವಾಪಸ್ ತೆಗೆಯುವ ವಿಷಯದಲ್ಲಿ. ‘ಯಾವಾಗ ಬೇಕಾದರೂ ತೆಗೆಯಬಹುದು’ ಎಂದು ಹೇಳಿದ್ದರು. ನಿಜವಾಗಿ ಆಗುವುದೇನು? ಸಾಲಗಾರ ಅವಧಿಗೆ ಮೊದಲು ಹಣ ಕೊಡುವುದಿಲ್ಲ. ನಮ್ಮ ಪಾಲನ್ನು ಇನ್ನೊಬ್ಬ ಹೂಡಿಕೆದಾರ ಕೊಳ್ಳಬೇಕು. 2020ರಲ್ಲಿ ಕೊರೊನಾ ಬಂದಾಗ ಎಲ್ಲರೂ ಮಾರಲು ನಿಂತರು, ಕೊಳ್ಳುವವರೇ ಇರಲಿಲ್ಲ. ನಮ್ಮ ಪ್ಲಾಟ್‌ಫಾರ್ಮ್ ಆ ಮಾರಾಟವನ್ನೇ ನಿಲ್ಲಿಸಿತು. ಕಂತು ಬಂದಷ್ಟೇ ಬಂತು. ಬ್ಯಾಂಕ್ ಠೇವಣಿಗೆ ಇರುವ ವಿಮೆ ಇಲ್ಲಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು, ಅಲ್ವಾ?

ಮಾರುಕಟ್ಟೆಗೆ ಇದರಿಂದ ಒಳ್ಳೆಯದೂ ಆಗಿದೆ. 2005ರಲ್ಲಿ ಬ್ರಿಟನ್ನಿನ ಝೋಪಾ ಕಂಪನಿ ಈ ದಾರಿ ತೆರೆದ ಮೇಲೆ ಸಣ್ಣ ಸಾಲಗಾರರಿಗೆ ಬ್ಯಾಂಕ್ ಬಿಟ್ಟು ಇನ್ನೊಂದು ಬಾಗಿಲು ಸಿಕ್ಕಿತು. ಆದರೆ ಲಾಭ ಕಂಡ ಕೂಡಲೇ ದೊಡ್ಡ ಫಂಡ್‌ಗಳು, ಬ್ಯಾಂಕುಗಳು ಬಂದು ಸಾಲಗಳನ್ನು ಸಗಟಾಗಿ ಕೊಳ್ಳತೊಡಗಿದವು. ಅಮೆರಿಕದ ಲೆಂಡಿಂಗ್ ಕ್ಲಬ್ 2020ರ ಕೊನೆಗೆ ಸಣ್ಣ ಹೂಡಿಕೆದಾರರಿಗೆ ಬಾಗಿಲು ಮುಚ್ಚಿತು. ಬ್ಯಾಂಕ್ ಆಗಿ ಬದಲಾದ ಝೋಪಾ ಕೂಡ 2021ರಲ್ಲಿ ಅದನ್ನೇ ಮಾಡಿತು. ಚೀನಾದ ಕಥೆ ಇನ್ನೂ ಕೆಟ್ಟದ್ದು. ಇಝುಬಾವೊ ಎಂಬ ಒಂದೇ ಪ್ಲಾಟ್‌ಫಾರ್ಮ್‌ನಲ್ಲಿ ಸುಮಾರು 9 ಲಕ್ಷ ಜನ ಹಣ ಕಳೆದುಕೊಂಡರು. ಅಲ್ಲಿದ್ದ ಸಾವಿರಾರು ಪ್ಲಾಟ್‌ಫಾರ್ಮ್‌ಗಳಲ್ಲಿ 2020ರ ಕೊನೆಗೆ ಒಂದೂ ಉಳಿಯಲಿಲ್ಲ.

ನನ್ನ ಅಂಕ ಐದಕ್ಕೆ ಮೂರು. ಸಾಲದ ಪೂರ್ತಿ ಅವಧಿಯವರೆಗೂ ಬೇಕಾಗದ ಹಣವನ್ನು ಮಾತ್ರ ಈಗಲೂ ಹಾಕುತ್ತೇನೆ. ಹೊಸದಾಗಿ ಸೇರುವವರು ಬಡ್ಡಿ ಕೇಳುವ ಮೊದಲು ಇದನ್ನು ಕೇಳಿ: ಕಂಪನಿ ಮುಚ್ಚಿದರೆ ಉಳಿದ ಕಂತು ವಸೂಲಿ ಮಾಡಿಕೊಡುವವರು ಯಾರು? ನಮ್ಮ ಪ್ಲಾಟ್‌ಫಾರ್ಮ್ ಇದಕ್ಕೆ ಬರಹದಲ್ಲೇ ಉತ್ತರ ಕೊಟ್ಟಿದೆ. ನಾನು ಇನ್ನೂ ಇಲ್ಲೇ ಇರುವುದು ಅದಕ್ಕೇ.